ನಾನೇ ಕೂಡಿಸಿದ ಡಿಶ್

ಬಮ್ಮಿಗಟ್ಟಿ
೨೪ ನವೆಂಬರ್ ೨೦೨೪

ಚಿ. ಸೌ. ಸುನೀತಾಳಿಗೆ ನಿನ್ನ ಅಕ್ಕನ ಆಶೀರ್ವಾದಗಳು.

ನಾವು ಇಲ್ಲಿ ಆರಾಮ ಇದ್ದೇವೆ. ನೀನು, ನಿನ್ನ ಮನೆಯವರು, ಮಕ್ಕಳು ಎಲ್ಲರೂ ಆರಾಮ ಇದ್ದೀರೆಂದು ನಂಬಿದ್ದೇನೆ. ಪಂಚಮಿಗೆ ನೀನು ಕಳಿಸಿದ ಉಂಡಿ ಮುಟ್ಟಿದವು. ಇಷ್ಟು ದಿನ ಅದಕ್ಕೊಂದು ಮಾತು ಹೇಳಲಿಲ್ಲ, ತಪ್ಪು ತಿಳಿಯಬೇಡ. ಫೋನ್ ಹಚ್ಚಿದರೆ ನೀನು 'ಮಾಮಾ ಉಂಡ್ರೇನಕ್ಕಾ' ಎಂದು ಕೇಳಿ ಇಟ್ಟುಬಿಡುತ್ತೀ. ನಿಮ್ಮೂರು ದೇವಿಕೊಪ್ಪ ಇಲ್ಲೇ ಇದ್ದರೂ ನೀನು ಬರುವುದಿಲ್ಲ. ಅದಕ್ಕೇ ಈ ಕಾಗದ. ಶಾಲೆ ಬಿಟ್ಟ ಮೇಲೆ ಇಷ್ಟುದ್ದ ಬರೆದವಳಲ್ಲ, ಅಕ್ಷರ ನೋಡಿ ನಗಬೇಡ.

ನಿನಗೊಂದು ಸುದ್ದಿ ಹೇಳಬೇಕು. ನಮ್ಮ ಮನೆಯ ಟಿವಿ ಡಿಶ್ಶನ್ನು ಮಾಳಿಗೆ ಹತ್ತಿ ನಾನೇ ಕೂಡಿಸಿದೆ!

ದೀಪಾವಳಿಯ ಮುಂಚೆ ಮಂಗಗಳ ಹಿಂಡು ಬಂದು ಹಳೆಯದಕ್ಕೆ ಜೋತಾಡಿ ಮುರಿದು ಹಾಕಿತು. ಗಾಲಿಕುರ್ಚಿಯಲ್ಲಿ ಕೂತ ನಮ್ಮ ಮನೆಯವರಿಗೆ, ನಿನ್ನ ಮಾಮಾನಿಗೆ, ಟಿವಿ ಬಿಟ್ಟರೆ ದಿನ ಹೋಗುವುದು ಹೇಗೆ? ಹೊಸದನ್ನು ತರಿಸಿದೆ. ಕೂಡಿಸಬೇಕಾದ ಕಲಘಟಗಿಯ ಹುಡುಗ ಮೂರು ಸಲ 'ನಾಳೆ ಬರ್ತೇನ್ರೀ ಅಕ್ಕಾರ' ಎಂದ, ಬರಲಿಲ್ಲ. ನಿನ್ನ ಮಾಮಾ, ತಾಲೂಕಿನ ಅರ್ಧ ಮನೆಗಳಿಗೆ ಡಿಶ್ ಕೂಡಿಸಿದ ಮನುಷ್ಯ, ಎರಡು ವರ್ಷದ ಹಿಂದೆ ನಿನ್ನ ಮನೆಯ ಡಿಶ್ ಕೂಡಿಸುತ್ತಿರುವಾಗ ಮಾಳಿಗೆಯಿಂದ ಬಿದ್ದಂದಿನಿಂದ ಆ ಕೆಲಸದ ಹೆಸರನ್ನೇ ಎತ್ತಿರಲಿಲ್ಲ.

ಒಂದು ಮುಂಜಾನೆ ತಾವಾಗಿಯೇ, "ಕಪಾಟಿನ್ಯಾಗ ನನ್ನ ಚೀಲ ಐತಿ, ತಗಿ" ಎಂದರು.

"ಯಾತಕ್ಕ್ರಿ?"

"ನೀ ಮ್ಯಾಲ ಏರು. ನಾ ಇಲ್ಲಿಂದ ಹೇಳ್ತೇನಿ."

"ನನ್ನ ಕಡಿಂದ ಆಗೂದಿಲ್ರಿ" ಎಂದೆ. ನಿಜ ಹೇಳುತ್ತೇನೆ, ಅವರು ಬಿದ್ದ ದಿನದಿಂದ ನಾನು ಹಪ್ಪಳ ಒಣಗಿಸಲಿಕ್ಕೂ ಮಾಳಿಗೆ ಹತ್ತಿರಲಿಲ್ಲ. ಅವರು ಒತ್ತಾಯ ಮಾಡಲಿಲ್ಲ. ತಮ್ಮ ಕಾಲುಗಳನ್ನು ನೋಡಿಕೊಂಡು, "ನನಗೂ ಇನ್ನೊಂದ್ ಸಲ ಡಿಶ್ ಕೂಡ್ಸಬೇಕು ಅನಸ್ತೈತಲಾ" ಎಂದರು. ಸೀರೆಯ ಸೆರಗು ಸಿಕ್ಕಿಸಿ ಹತ್ತಿದೆ.

ಅವರು ಒಳಗೆ ಟಿವಿಯ ಮುಂದೆ ಕೂತರು. ಅವರ ದನಿ ಈಗ ಮೆಲ್ಲಗಾಗಿದೆ, ಮೇಲಿನವರೆಗೆ ಕೇಳುವುದಿಲ್ಲ. ಬಾಜೂ ಮನೆಯ ಅಜೀಜಾಬಿ ಬಾಗಿಲಲ್ಲಿ ನಿಂತು ಅವರು ಹೇಳಿದ್ದನ್ನೆಲ್ಲ ನನಗೆ ಒದರಿ ಹೇಳಿದಳು. ಎಪ್ಪತ್ತು ದಾಟಿದರೂ ಅವಳ ಗಂಟಲು ಅಗದಿ ಗಟ್ಟಿ. ಡ್ರಿಲ್ ಮಷಿನ್ ಹಿಡಿದು ಸ್ಲ್ಯಾಬಿನಲ್ಲಿ ನಾಲ್ಕು ತೂತು ಕೊರೆದೆ. ಮೊದಲನೆಯದಕ್ಕೆ ಕಣ್ಣು ಮುಚ್ಚಿಕೊಂಡಿದ್ದೆ, ಅದು ಸೊಟ್ಟಾಯಿತು, ಬಾಜೂಕ್ಕೆ ಮತ್ತೊಂದು ಕೊರೆದೆ. ಕಂಬ ನಿಲ್ಲಿಸಿದ ಮೇಲೆ ದಾರಕ್ಕೊಂದು ನಟ್ಟು ಕಟ್ಟಿ ಇಳಿಬಿಟ್ಟು, ನೆಟ್ಟಗಿದೆಯೇ ಎಂದು ನೋಡಲು ಹೇಳಿದರು. ಡಿಶ್ಶಿನ ಬುಟ್ಟಿಯನ್ನು ಆಗ್ನೇಯಕ್ಕೆ, ಈ ದಿನಗಳಲ್ಲಿ ಮುಂಜಾನೆ ಒಂಬತ್ತೂವರೆಗೆ ಸೂರ್ಯ ಇರುವ ದಿಕ್ಕಿಗೆ, ಮುಖ ಮಾಡಿದೆ. ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಟಿವಿಯಲ್ಲಿ ಸಿಗ್ನಲ್ ಕ್ವಾಲಿಟಿ ಸೊನ್ನೆ!

"ಅಕ್ಕಿಕಾಳಿನಷ್ಟ ಎಡಕ್ಕ ಸರಸು" ಎಂದು ಅವರು ಹೇಳಿದ್ದು ಅಜೀಜಾಬಿಯ ಬಾಯಲ್ಲಿ ಹಿಡಿಯಷ್ಟಾಯಿತು. "ಇನ್ನ ಸರಸವಾ, ಇನ್ನ ಸರಸು!" ಎಂದು ಒದರಿದಳು. ನಾನು ಸರಿಸಿದೆ. ಒಂದು ತಾಸು ಹೀಗೇ ನಡೆಯಿತು. ಬಿಸಿಲಿಗೆ ತಲೆ ಸುತ್ತಿತು. ಇಳಿದುಬಿಡುತ್ತೇನೆ ಎಂದು ಬೋಲ್ಟ್ ಬಿಗಿಯುವ ಪಾನಾ ಕೆಳಗಿಟ್ಟೆ. ಮತ್ತೆ ಏನನಿಸಿತೋ, ಇದೊಂದು ಸಲ ಎಂದು ಬುಟ್ಟಿಯ ಅಂಚನ್ನು ಬೆರಳಿನಿಂದ ಮೆಲ್ಲಗೆ ತಳ್ಳಿದೆ.

"ಎಪ್ಪತ್ತೆರಡ ಬಂತು! ಹಂಗ ಹಿಡಿ! ಬಿಗಿ, ಬಿಗಿ ಲಗೂ!"

ಅಜೀಜಾಬಿಯ ದನಿಯಲ್ಲ ತಂಗಿ, ಅವರದೇ. ಎರಡು ವರ್ಷದಿಂದ ಆ ದನಿ ಕೇಳಿರಲಿಲ್ಲ. ಬೋಲ್ಟ್ ಬಿಗಿದು ಅಲ್ಲೇ ಮಾಳಿಗೆಯ ಮೇಲೆ ಕೂತು ಸ್ವಲ್ಪ ಅತ್ತೆ. ಅಜೀಜಾಬಿ ಕೆಳಗಿನಿಂದ, "ಏನ್ ಮಾಡಾಕತ್ತೀವಾ, ಇಳೀ ಇನ್ನ, ಚಾ ಆರಾಕತ್ತೈತಿ" ಎಂದು ಬೈದಳು.

ಸಂಜೆ ಅಂಗಳಕ್ಕೆ ಕರೆದುಕೊಂಡು ಹೋಗಲು ಹೇಳಿದರು. ಕತ್ತೆತ್ತಿ ಬಹಳ ಹೊತ್ತು ನೋಡಿ, "ಗಾಳಿಗೆ ನಿಲ್ತೈತಿ" ಎಂದರು. ಅಷ್ಟೇ. ಆದರೆ ಆವತ್ತು ಎರಡು ರೊಟ್ಟಿ ಹೆಚ್ಚು ಉಂಡರು. ಮರುವಾರ ಅಜೀಜಾಬಿಯ ಮನೆಯ ಡಿಶ್ಶನ್ನೂ ನಾವಿಬ್ಬರೇ ಸರಿಮಾಡಿದೆವು, ಅವರು ಅವಳ ಕಟ್ಟೆಯಲ್ಲಿ, ನಾನು ಮೇಲೆ. ಈಗ ಕಲಘಟಗಿಯ ಆ ಹುಡುಗನೇ ಫೋನ್ ಮಾಡಿ ಅವರನ್ನು ಏನೇನೋ ಕೇಳುತ್ತಾನೆ. ಇವರು ಮೊದಲು ಬೈದು ಆಮೇಲೆ ಹೇಳಿಕೊಡುತ್ತಾರೆ.

ಮೊನ್ನೆ ಉಣ್ಣುತ್ತಿರುವಾಗ, "ಸುನೀತಾನ ಮನ್ಯಾಗ ಆಮ್ಯಾಲ ಯಾರರೇ ಡಿಶ್ ಕೂಡ್ಸಿದ್ರೇನ?" ಎಂದು ಕೇಳಿದರು. ಇಲ್ಲ, ನೀನು ಯಾರನ್ನೂ ಹತ್ತಗೊಡಲಿಲ್ಲವಂತೆ ಎಂದೆ. "ಹಂಗಾರ ಅದು ನಂದ ಕೆಲಸ. ನಾವ ಹೋಗೂಣು" ಎಂದರು. ನಮ್ಮೂರ ಯುನೂಸನ ಟಂಟಂ ರಿಕ್ಷಾಕ್ಕೆ ಹೇಳಿದ್ದೇನೆ. ಡಿಸೆಂಬರ್ ಎಂಟು, ರವಿವಾರ ಬರುತ್ತೇವೆ. ನಾನು ಹತ್ತುತ್ತೇನೆ, ಅವರು ಕೆಳಗೆ ಕೂತು ಹೇಳುತ್ತಾರೆ. ಅಡುಗೆ ಬಹಳ ಮಾಡಬೇಡ, ಜುಣಕ ರೊಟ್ಟಿ ಸಾಕು.

ಮಕ್ಕಳಿಗೆ ನನ್ನ ಮುತ್ತು ಕೊಡು. ಬಸವಣ್ಣ ನಿಮ್ಮನ್ನೆಲ್ಲ ತಣ್ಣಗಿಡಲಿ.

ನಿನ್ನ ಅಕ್ಕ,
ಮಹಾನಂದಾ

ತಾ.ಕ.: ಎಂಟರೊಳಗೆ ನಿನಗೆ ಇದು ಗೊತ್ತಾಗಬೇಕು. ನಿನ್ನ ಮಾಳಿಗೆಯ ಪಾಚಿ ತೊಳೆಸಿರಲಿಲ್ಲ, ಅದರಿಂದಲೇ ಮಾಮಾ ಜಾರಿದರು ಎಂದು ನಿನ್ನನ್ನೇ ದೂರಿಕೊಂಡು ನೀನು ನಮ್ಮ ಹೊಸ್ತಿಲು ತುಳಿಯುವುದನ್ನು ಬಿಟ್ಟೆ. ಅವರು ಪಾಚಿಗೆ ಜಾರಲಿಲ್ಲ. ಆ ಹೊತ್ತಿಗೆ ನಾನು ಅವರಿಗೆ ಫೋನ್ ಹಚ್ಚಿದ್ದೆ. ಗಿರಣಿಗೆ ಜೋಳ ಕೊಟ್ಟಿರೋ ಇಲ್ಲವೋ ಎಂದು ಜಗಳ ತೆಗೆಯಲು. ಅವರು ಒಂದು ಕೈಯಲ್ಲಿ ಬುಟ್ಟಿ ಹಿಡಿದು ಮತ್ತೊಂದರಿಂದ ಫೋನೆತ್ತಿ, "ಹೇಳು" ಎಂದರು. ಆಮೇಲೆ ಅವರ ಮಾತಿಲ್ಲ. ಸಿಟ್ಟಿಗೆ ಸುಮ್ಮನಾದರೆಂದು ತಿಳಿದು ನಾನು ಬೈಯುತ್ತಲೇ ಇದ್ದೆ, ಎಷ್ಟು ಹೊತ್ತೋ. ಅವರು ಆಗಲೇ ಕೆಳಗೆ ಬಿದ್ದಿದ್ದರು. ದವಾಖಾನೆಯಲ್ಲಿ ಅವರು ನನ್ನ ಮುಖ ನೋಡುತ್ತಲೇ ಎಲ್ಲರಿಗೂ "ಕಾಲ ಜಾರಿತು" ಎಂದರು. ನಾನು ಬಾಯಿ ಬಿಡಲಿಲ್ಲ. ನೀನು ನಿನ್ನ ಮೇಲೆ ಹೊತ್ತುಕೊಂಡಾಗಲೂ ಬಿಡಲಿಲ್ಲ. ರವಿವಾರ ಅವರನ್ನು ಮೊದಲು ಒಳಗೆ ಕರೆ. ನಾನು ಅಂಗಳದಲ್ಲಿ ನಿಂತಿರುತ್ತೇನೆ. ನೀನು ಬಾ ಅಂದರೆ ಬರುತ್ತೇನೆ.