ನಮ್ಮ ಜೇನುಮದ್ಯದ ಫಲಕ ಕಿತ್ತವರಿಗೆ

ಪ್ರವಾಸಿ ಫಲಕಗಳ ಮೇಲಧಿಕಾರಿಗಳೇ,

ಹೆದ್ದಾರಿಯ ತಿರುವಿನಲ್ಲಿದ್ದ ನಮ್ಮ ಕಂದು ಫಲಕವನ್ನು ತಾವು ಕೀಳಿಸಿದ್ದೀರಿ. ಅದರ ಮೇಲಿದ್ದದ್ದು 'ಟ್ರಿಫಿಟ್ ಸೋದರಿಯರ ಜೇನುಮದ್ಯ' ಎಂಬ ಬರಹ ಮತ್ತು ಒಂದು ಬಾಣದ ಗುರುತು, ಅಷ್ಟೇ. ಆ ಬಾಣ ಹೋದಂದಿನಿಂದ ನಮ್ಮ ಕಾಡುದಾರಿಗೆ ಒಂದು ನರಪಿಳ್ಳೆಯೂ ತಿರುಗಿಲ್ಲ. ಟಾಸ್ಮೇನಿಯಾದ ಈ ಪಶ್ಚಿಮದ ಮೂಲೆಯಲ್ಲಿ ಒಬ್ಬಂಟಿ ಹೆಂಗಸು ಯಾರೊಂದಿಗೆ ಮಾತಾಡಬೇಕೆಂದು ತಮ್ಮ ಇಲಾಖೆ ಎಂದಾದರೂ ಯೋಚಿಸಿದೆಯೇ?

ತಮಗೆ ನಮ್ಮ ಚರಿತ್ರೆ ತಿಳಿಯದು. ತಿಳಿದುಕೊಳ್ಳುವ ಉಸಾಬರಿಯೂ ತಮಗಿರಲಿಲ್ಲ. ಲೆದರ್‌ವುಡ್ ಎಂಬ ಇಲ್ಲಿಯ ಕಾಡುಮರದ ಹೂವಿನ ಜೇನಿಗೆ ಘಾಟು ಜಾಸ್ತಿ ಎಂದು ಹೋಬಾರ್ಟ್ ನಗರದ ವ್ಯಾಪಾರಿಯೊಬ್ಬ ಒಂದು ವರ್ಷ ನಮ್ಮ ಡಬ್ಬಗಳನ್ನೆಲ್ಲ ವಾಪಸು ಕಳಿಸಿದ. ನನ್ನ ಅಕ್ಕ ಹೆಸ್ಟರ್ ಕೈಕಟ್ಟಿ ಕೂರುವ ಜಾಯಮಾನದವಳಲ್ಲ. ಅಪ್ಪನ ಹಳೆಯ ಪೀಪಾಯಿ ತೊಳೆದು, ಜೇನಿಗೆ ಮಳೆನೀರು ಬೆರೆಸಿ, ಹುದುಗಲು ಬಿಟ್ಟಳು. ಮೊದಲ ಸಲ ಅದು ವಿನೆಗರ್ ಆಯಿತು. ಅದರಲ್ಲಿ ಈರುಳ್ಳಿ ಹಾಕಿಟ್ಟು ವರ್ಷವಿಡೀ ಮುಖ ಹಿಂಡಿಕೊಂಡು ತಿಂದೆವು. ಎರಡನೆಯ ಸಲದ್ದನ್ನು, ದಾರಿ ತಪ್ಪಿ ಬಂದ ಲಾರಿ ಚಾಲಕನೊಬ್ಬನಿಗೆ ಕುಡಿಸಿದಳು. "ಏನಕ್ಕಾ ಇದು! ಇನ್ನೊಂದ್ ಲೋಟ ಹಾಕಿ," ಎಂದ ಪುಣ್ಯಾತ್ಮ. ನಮ್ಮ ವ್ಯಾಪಾರ ಶುರುವಾದದ್ದು ಹಾಗೆ.

ಅಂದಿನಿಂದ ಅಕ್ಕನದೊಂದು ಕಟ್ಟಳೆ: ಹೊಸ ಪೀಪಾಯಿಯ ಮೊದಲ ಲೋಟ ಹೊರಗಿನವರಿಗೇ. "ಒಂದೇ ಒಂದ್ ಗುಟುಕು ಕಣೇ," ಎಂದು ನಾನು ಗೋಗರೆದರೆ, "ಕೈ ತೆಗಿ! ಮನೆಯವರ ನಾಲಿಗೆ ನಂಬಕ್ಕಾಗಲ್ಲ. ಯಾರಾದ್ರೂ ಬರ್ಲಿ ತಡಿ," ಎನ್ನುತ್ತಿದ್ದಳು. ಬಾಣ ನೋಡಿಕೊಂಡು ಯಾರಾದರೂ ಬಂದೇ ಬರುತ್ತಿದ್ದರು.

ಕಳೆದ ಬೇಸಿಗೆಯಲ್ಲಿ ಅಕ್ಕ ತೀರಿಕೊಂಡಳು. ನಮ್ಮಲ್ಲಿ ಮನೆಯಲ್ಲಿ ಸಾವಾದರೆ ಜೇನುಹುಳುಗಳಿಗೆ ಹೇಳಬೇಕು. ಹೇಳದಿದ್ದರೆ ಮುನಿಸಿಕೊಂಡು ಗೂಡು ಬಿಡುತ್ತವೆ. ಬೀಗದ ಕೈಯಿಂದ ಜೇನುಪೆಟ್ಟಿಗೆಗಳನ್ನು ತಟ್ಟಿ, "ಹೆಸ್ಟರ್ ಹೋದ್ಲು ಕಣ್ರೋ, ಇನ್ನು ನಾನೊಬ್ಳೇ," ಎಂದೆ. ಸಾವಿನ ಗುರುತಿಗೆಂದು ಅವಳ ಕಪ್ಪು ಲಂಗ ಹರಿದು ಪ್ರತಿ ಪೆಟ್ಟಿಗೆಗೂ ಕಟ್ಟಿದೆ. ಆ ವಾರ ಗೇಟು ಹಾಕಿದ್ದೆ. ಅದೇ ವಾರ ತಮ್ಮ ಪರಿಶೀಲಕರು ದಯಮಾಡಿಸಿ, ಕಾರಿನಿಂದಿಳಿಯದೆ ನೋಡಿ ಹೋದರಂತೆ.

ಫಲಕ ಮಾಯವಾದ ಮೇಲೆ ಫೋನು ಮಾಡಿದೆ. "ಅಮ್ಮಾ, ನಿಮ್ಮ ಉದ್ಯಮ ಮುಚ್ಚಿದೆ," ಎಂದರು ತಮ್ಮ ಕಚೇರಿಯವರು.

"ಮುಚ್ಚಿದ್ರೆ ಈಗ ಮಾತಾಡ್ತಿರೋದು ಯಾರಪ್ಪಾ, ಜೇನುಹುಳಾನಾ?"

"ಪೆಟ್ಟಿಗೆಗೆಲ್ಲ ಕಪ್ಪು ಬಟ್ಟೆ ಕಟ್ಟಿತ್ತಲ್ಲಮ್ಮ. ರೋಗ ಬಂದು ಹುಳ ಎಲ್ಲ ಸತ್ತೋದ್ವು ಅಂದ್ಕೊಂಡ್ವಿ."

ಎಂಥ ಸೂಕ್ಷ್ಮದೃಷ್ಟಿ ಸ್ವಾಮಿ! ಸಾವಾದದ್ದು ನಿಜ, ಆದರೆ ಸತ್ತದ್ದು ಹುಳುಗಳಲ್ಲ. ಗೇಟಿಗೆ ಗಂಟೆಯೂ ಇತ್ತು. ಅದನ್ನು ಬಾರಿಸಲು ತಮ್ಮ ನಿಯಮಾವಳಿಯಲ್ಲಿ ಅವಕಾಶವಿಲ್ಲವೇ?

ಅಕ್ಕ ಕಡೆಯದಾಗಿ ಹಾಕಿದ ಪೀಪಾಯಿ ಈಗ ಪಕ್ವವಾಗಿದೆ. ನಾನದನ್ನು ಮುಟ್ಟಿಲ್ಲ, ಮುಟ್ಟುವುದೂ ಇಲ್ಲ. ಪಕ್ಕದಲ್ಲಿ ಲೋಟ ತೊಳೆದಿಡುತ್ತೇನೆ, ಧೂಳು ಕೂರುತ್ತದೆ, ಮತ್ತೆ ತೊಳೆಯುತ್ತೇನೆ. ಕಾರಿನ ಸದ್ದಾದರೆ ಬಾಗಿಲಿಗೆ ಓಡುತ್ತೇನೆ. ಅದು ಹೆದ್ದಾರಿಯಲ್ಲೇ ಮುಂದಕ್ಕೆ ಹೋಗುತ್ತದೆ. ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಬಹಳ ಒಂಟಿತನ.

ಆದ್ದರಿಂದ ನನ್ನ ಬೇಡಿಕೆ: ಫಲಕವನ್ನು ಇದ್ದಲ್ಲೇ ನೆಡಿ, 'ಸೋದರಿಯರ' ಎಂಬುದನ್ನು ಅಳಿಸದೆ. ಅದಕ್ಕೆ ಕಾಲಾವಕಾಶ ಬೇಕೆಂದರೆ, ಅಲ್ಲಿಯವರೆಗೆ ತಾವೇ ಬನ್ನಿ. ತಾವೂ ಹೊರಗಿನವರೇ, ಮೊದಲ ಲೋಟ ತಮಗೇ ಕೊಡುತ್ತೇನೆ. ಚೆನ್ನಾಗಿಲ್ಲದಿದ್ದರೆ ಮುಖದ ಮೇಲೆ ಹೇಳಿ, ಅಕ್ಕ ಕೇಳುತ್ತಿದ್ದದ್ದೂ ಅದನ್ನೇ. ತಾವು ಕುಡಿಯುತ್ತಿರುವಾಗ ನಾನು ಒಂದು ಗಳಿಗೆ ಹೊರಗೆ ಹೋಗಿಬರಬೇಕಾದೀತು, ಬೇಸರಿಸಬೇಡಿ. ಪೆಟ್ಟಿಗೆಗಳನ್ನು ತಟ್ಟಿ, ಮನೆಗೆ ಯಾರೋ ಬಂದಿದ್ದಾರೆ ಎಂದು ಹೇಳಬೇಕು.

ಇಂತಿ,
ತಮ್ಮ ಕಡತದಲ್ಲಿ ಮುಚ್ಚಿಹೋಗಿದ್ದರೂ ಬಾಗಿಲು ತೆರೆದೇ ಕೂತಿರುವ
ಮರ್ಲ್ ಟ್ರಿಫಿಟ್
(ಸೋದರಿಯರಲ್ಲಿ ಉಳಿದವಳು)