ತೂತು ದುಂಡಗಾಗುವವರೆಗೆ

ಅಕ್ಟೋಬರ್ 1, ಬುಧವಾರ

ಪೀಣ್ಯದ ನಮ್ಮ ಕಾರ್ಖಾನೆಯಲ್ಲಿ ಆಯುಧ ಪೂಜೆ. ಲೇತ್ ಮಷೀನು, ಫೋರ್ಕ್‌ಲಿಫ್ಟು, ಕೊನೆಗೆ ನೀರಿನ ಫಿಲ್ಟರಿಗೂ ಕುಂಕುಮ. ಮಧ್ಯಾಹ್ನಕ್ಕೇ ಬಿಟ್ಟರು. ನಾನು ಬಿಲ್ಲುಗಾರಿಕೆ ಕಲಿಯುವ ಕ್ಲಬ್ಬಿನ ಕಾಂಪೌಂಡ್ ಬಿಲ್ಲು, ತುದಿಗಳಲ್ಲಿ ಚಕ್ರವಿರುವಂಥದ್ದು, ಈ ತಿಂಗಳು ನನ್ನ ರೂಮಿನಲ್ಲೇ ಇದೆ. ಚಿಗವ್ವ ಮರೆವ್ವ ಗಂಧ ತೇಯುತ್ತ ಕೂತಿದ್ದಳು.

"ಎಲ್ಲಾ ಮಷೀನಿಗೂ ಪೂಜಿ ಆತು. ನಿನ್ನ ಬಿಲ್ಲೇನ್ ಪಾಪ ಮಾಡೈತಿ? ತಾ ಇಲ್ಲಿ."

ಬೇಡ ಎನ್ನಲು ಬಾಯಿ ಬರಲಿಲ್ಲ. ಎರಡು ತುದಿಯ ಚಕ್ರ, ಸ್ಕ್ರೂ, ಕೀಲು... ಒಂದೂ ಬಿಡದೆ ಗಂಧ ಹಚ್ಚಿದಳು. ಚಂದ ಕಂಡಿತು. ಸುಳ್ಳೇಕೆ.

ಅಕ್ಟೋಬರ್ 5, ಭಾನುವಾರ

ಚಿಕ್ಕಬಾಣಾವರದ ಮೈದಾನ. ಚೌಕಟ್ಟಿಗೆ ಪೇಪರ್ ಬಿಗಿದು ಹತ್ತಿರದಿಂದ ಬಿಟ್ಟೆ. ಬಾಣ ನೆಟ್ಟಗೆ ಹೋದರೆ ದುಂಡು ತೂತು. ನನ್ನದು ಮೇಲಕ್ಕೆ ಉದ್ದಕ್ಕೆ ಹರಿದಿತ್ತು. ಅಂದರೆ ಬಾಲ ಎತ್ತಿಕೊಂಡು ಹೋಗುತ್ತಿದೆ. ಹೋದ ವಾರ ಹೀಗಿರಲಿಲ್ಲ.

ಜೊತೆಗೆ ಕಲಿಯುವ ದೀಪಶ್ರೀ ನಕ್ಕಳು. "ಬಾಣ ಬಿಟ್ಯಾ, ಮೀನು ಬಿಟ್ಯಾ? ಈಜ್ಕೊಂಡ್ ಹೋಯ್ತಲ್ಲೇ!"

ಕೋಚ್ ಮುನಿರಾಜು ಸರ್ ನಗಲಿಲ್ಲ. "ಮುಂದಿನ ಭಾನುವಾರ ಜಿಲ್ಲಾ ಟೀಮ್ ಸೆಲೆಕ್ಷನ್ ಕಣಮ್ಮ. ಬೆಳಿಗ್ಗೆ ದುಂಡು ತೂತು ತೋರ್ಸು, ಹೆಸರು ಬರೀತೀನಿ. ಇಲ್ಲಾಂದ್ರೆ ಮುಂದಿನ್ ವರ್ಷ. ನಾನೇ ಸರಿ ಮಾಡ್ಕೊಡ್ಲಾ?"

"ಬ್ಯಾಡ ಸರ್. ನಾನಽ ಮಾಡ್ತೀನಿ."

ಎಲ್ಲಿಂದ ಬಂತೋ ಆ ಮಾತು!

ಅಕ್ಟೋಬರ್ 7

ಡ್ಯೂಟಿ ಮುಗಿಸಿ ಮೈದಾನಕ್ಕೆ. ಬಾಣ ಕೂರುವ ರೆಸ್ಟನ್ನು ಒಂದು ಗೆರೆ ಏರಿಸಿದೆ. ಬಾಲ ಹಾಗೇ. ಇನ್ನೊಂದು ಗೆರೆ. ಹಾಗೇ. ಮೊದಲಿನ ಜಾಗಕ್ಕೇ ತಂದೆ. ಹಿಡಿತ ಸಡಿಲಿಸಿದೆ. ಅದೂ ಅಲ್ಲ.

ಫೋನಿನಲ್ಲಿ ಹುಡುಕಿದೆ. ಎಲ್ಲ ಇಂಗ್ಲಿಷು. ನಾಲ್ಕನೇ ಕ್ಲಾಸಿನ ಓದು ಅಲ್ಲಿ ಸಾಲದು. ವಿಡಿಯೋ ಮಾತ್ರ ನೋಡಿದೆ — ಒಬ್ಬ ಬಾಣದ ಗರಿಗೆ ಬಿಳಿ ಪುಡಿ ಹೊಡೆಯುತ್ತಿದ್ದ. ಏಕೆ?

ಅಕ್ಟೋಬರ್ 10, ಸಂಜೆ

ಈಗ ಗೊತ್ತಾಯಿತು ಏಕೆ ಅಂತ! ಗರಿ ಎಲ್ಲಿಗೆ ತಾಗುತ್ತದೋ ಅಲ್ಲಿ ಪುಡಿ ಹೋಗಿರುತ್ತದೆ.

ಮುಖದ ಪೌಡರು ನಿಲ್ಲಲಿಲ್ಲ. ವಿಭೂತಿ ನೀರಿನಲ್ಲಿ ಕಲಸಿ ಗರಿಗೆ ಬಳಿದೆ. ಒಣಗಿಸಿ ಬಿಟ್ಟೆ. ಕೆಳಗಿನ ಗರಿಯ ಮೇಲೆ ಗೀರು. ಬಾಣ ಹೊರಟ ಕೂಡಲೇ ರೆಸ್ಟು ಕೆಳಗೆ ಬಿದ್ದು ದಾರಿ ಬಿಡಬೇಕು. ಬಿಡುತ್ತಿಲ್ಲ. ಬೆರಳಿನಿಂದ ಎತ್ತಿ ಬಿಟ್ಟು ನೋಡಿದೆ — ಮಂಡಿ ನೋವಿನ ಮುದುಕಿ ಕೂತಂತೆ ಮೆಲ್ಲಗೆ ಕೂತಿತು. ಕೀಲಿನೊಳಗೆ ಒಣಗಿದ ಗಂಧ!

ಹಳೇ ಬ್ರಷ್ಷಿನಿಂದ ಕೆರೆದೆ. ಟಪ್ ಎಂದು ಬಿತ್ತು. ಬಾಣ ಹೂಡಿ ಬಿಟ್ಟೆ. ದುಂಡು ತೂತು, ಸುತ್ತ ಮೂರು ಗರಿಗಳ ಸಣ್ಣ ಸೀಳು. ಮತ್ತೆ ಬಿಟ್ಟೆ. ಅದೂ ಹಾಗೇ. ಮೈದಾನದಲ್ಲಿ ಒಬ್ಬಳೇ ಕುಣಿದೆ. ನೋಡಿದ್ದು ಒಂದು ಎಮ್ಮೆ ಮಾತ್ರ.

ಮನೆಯಲ್ಲಿ ಚಿಗವ್ವ ಕೇಳಿದಳು. "ಬಿಲ್ಲು ಸರಿ ಆತೇನು?"

"ಆತು."

"ಮತ್ತ! ಪೂಜಿ ಮಾಡೀನಲ್ಲ."

ಹೂಂ ಎಂದೆ. ಹೇಳುವ ಮನಸ್ಸಾಗಲಿಲ್ಲ.

ಅಕ್ಟೋಬರ್ 12, ಭಾನುವಾರ

ಸರ್ ತೂತನ್ನು ಬೆಳಕಿಗೆ ಹಿಡಿದು ನೋಡಿದರು. ಹೆಸರು ಬರೆದರು — ಸುಮಂಗಲಾ.

ಐವತ್ತು ಮೀಟರು. ಬಾಣ ಬಾಲ ಅಲ್ಲಾಡಿಸದೆ ಹೋಯಿತು. ಗಾಳಿಯಲ್ಲಿ ಅದು ಹೋಗುವುದನ್ನು ನೋಡುತ್ತ ನಿಂತೆ. ನಾನು ಸರಿ ಮಾಡಿದ್ದು. ನಾನೇ.

ಟೀಮಿಗೆ ಆಯ್ಕೆಯಾದೆ. ದೀಪಶ್ರೀಯೂ ಆದಳು. ಇಬ್ಬರೂ ಬಸ್ಸಿನಲ್ಲಿ ನಿಂತುಕೊಂಡೇ ನಗುತ್ತ ಬಂದೆವು.

ಈಗ ವಠಾರದವರೆಲ್ಲ ಬಾಗಿಲಲ್ಲಿ ಸೇರಿದ್ದಾರೆ. ಬಿಲ್ಲು ಎಳೆದು ತೋರಿಸಬೇಕಂತೆ. ಇಷ್ಟು ಜನರ ಮುಂದೆ ನಾನು ಎಂದೂ ನಿಂತವಳಲ್ಲ. ಚಿಗವ್ವ ಮತ್ತೆ ಕೂಗಿದಳು. ಬಂದೆ ಎಂದೆ, ಜೋರಾಗಿಯೇ. ಪೆನ್ನು ಇಟ್ಟು, ಬಿಲ್ಲು ತೆಗೆದುಕೊಂಡು ಹೊರಟೆ.