ಕೊನೆಗೆ ಬರಬೇಕಿದ್ದ ಕ್ರಿಯಾಪದ

ಪ್ರೀತಿಯ ಸೆಲಿನ್ ಬಾಯಿ,

ಈ ಪತ್ರವನ್ನು ಜರ್ಮನ್‌ನಲ್ಲೇ ಬರೆಯೋಣವೆಂದು ಕೂತಿದ್ದೆ. ‘ನಿಮಗೆ ಬರೆಯುತ್ತಿದ್ದೇನೆ’ ಎನ್ನುವಲ್ಲೇ, ಆ ‘ನಿಮಗೆ’ಗೆ ಯಾವ ವಿಭಕ್ತಿ ಹಾಕಲಿ ಎಂದು ಕೈ ನಿಂತುಬಿಟ್ಟಿತು. ತಿದ್ದಲು ನೀವಿಲ್ಲದ ಮೇಲೆ ತಪ್ಪು ಬರೆಯುವ ಧೈರ್ಯವೂ ಬರುವುದಿಲ್ಲ. ಹಾಗಾಗಿ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಪಾಲಾರಿವಟ್ಟಂನ ಆ ಕ್ಲಾಸಿನಲ್ಲಿ ನಾವಿಬ್ಬರು ಮಾತ್ರ ಆಡಿಕೊಳ್ಳುತ್ತಿದ್ದ ಭಾಷೆ ಇದಲ್ಲವೆ?

ಮೊದಲ ಭಾನುವಾರ ನಾನು ಹಿಂದಿನ ಬೆಂಚಿನಲ್ಲಿ ಕೂತಿದ್ದೆ, ನೆನಪಿದೆಯೆ? ವಾರವಿಡೀ ಉಳ್ಳೂರಿನ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಮಾಡಿ, ತಿರುವನಂತಪುರದಿಂದ ರೈಲು ಹಿಡಿದು ಕೊಚ್ಚಿಗೆ ಬಂದಿದ್ದೆ. ಜರ್ಮನಿಯ ಆಸ್ಪತ್ರೆಯೊಂದು ಕೆಲಸ ಕೊಡಲು ಒಪ್ಪಿತ್ತು, ಭಾಷೆಯ ಪರೀಕ್ಷೆ ಪಾಸಾದರೆ ಮಾತ್ರ. ಮಾತಿನ ಪರೀಕ್ಷೆಯಲ್ಲಿ ಎರಡು ಸಲ ಫೇಲಾಗಿದ್ದೆ. ಇನ್ನೊಮ್ಮೆ ಫೇಲಾದರೆ ಅವರು ಕಾಯುತ್ತಿರಲಿಲ್ಲ. ತಿರುವನಂತಪುರದ ಕ್ಲಾಸುಗಳಲ್ಲಿ ವ್ಯಾಕರಣವನ್ನು ಇಂಗ್ಲಿಷಿನಲ್ಲಿ ಬಿಡಿಸಿ ಹೇಳುತ್ತಿದ್ದರು. ಕಾಸರಗೋಡಿನ ಕನ್ನಡ ಶಾಲೆಯಲ್ಲಿ ಓದಿದ ನಾನು ಮೊದಲು ಆ ಇಂಗ್ಲಿಷನ್ನು ಬಿಡಿಸಿಕೊಳ್ಳಬೇಕಿತ್ತು. ಕೊಚ್ಚಿಯಲ್ಲಿ ಕನ್ನಡ ಬಲ್ಲ ಟೀಚರ್ ಒಬ್ಬರಿದ್ದಾರೆಂದು ಕೇಳಿ ಬಂದವಳು, ನೀವು ಕೇಳಿದ ಮೊದಲ ಪ್ರಶ್ನೆಗೇ ‘ಇಶ್ ಬಿನ್ ಕಲ್ಟ್’ ಎಂದೆ. ಇಂಗ್ಲಿಷಿನ ‘ಐ ಆಮ್ ಕೋಲ್ಡ್’ ಅನ್ನು ಎತ್ತಿ ಹಾಗೇ ಇಟ್ಟಿದ್ದೆ. ಕ್ಲಾಸೆಲ್ಲ ನಕ್ಕಿತು. ನೀವು ಹತ್ತಿರ ಬಂದು ಬಗ್ಗಿ ಕೇಳಿದಿರಿ:

“ಚಳಿ ಆದ್ರೆ ಮನೆಯಲ್ಲಿ ನೀನು ಎಂತ ಹೇಳುದು?”

“ನಂಗೆ ಚಳಿ ಆಗ್ತದೆ ಅಂತ.”

“ನಾನು ಚಳಿ ಅಂತ ಹೇಳುದಿಲ್ಲ ಅಲ್ವಾ? ಅವರು ಸಹ ಹೇಳುದಿಲ್ಲ ಮಾರಾಯ್ತಿ. ಮೀರ್ ಇಸ್ಟ್ ಕಲ್ಟ್. ನಂಗೆ ಚಳಿ. ಇಷ್ಟೇ.”

ಅಂದಿನಿಂದ ನೀವು ಉಳಿದವರಿಗೆ ಟೀಚರ್, ನನಗೆ ಮಾತ್ರ ನಿಮ್ಮ ತವರು ಮಂಗಳೂರಿನ ಕಡೆಯವರು ಕರೆಯುವ ಹಾಗೆ ಬಾಯಿ.

ಏಲೂರಿನ ನಿಮ್ಮ ಮನೆಗೆ ಊಟಕ್ಕೆ ಕರೆದ ದಿನವೂ ಕಣ್ಣ ಮುಂದಿದೆ. ಮೀನಿನ ಸಾರು ಬಡಿಸುತ್ತ ನೀವು ಜರ್ಮನ್‌ನಲ್ಲಿ ಏನೋ ಕೇಳಿದಿರಿ, ನಾನು ತಡವರಿಸುತ್ತ ಉತ್ತರಿಸಿದೆ. ಫ್ಯಾಕ್ಟರಿಯ ಬಟ್ಟೆಯಲ್ಲೇ ಊಟಕ್ಕೆ ಕೂತಿದ್ದ ನಿಮ್ಮ ಮಗ ಬಿಜು, ನಾನು ಅಣ್ಣ ಎನ್ನುವ ಹಾಗೆ ಚೇಟ್ಟನ್ ಎಂದು ಕರೆಯುವವರು, ಅರ್ಧ ಊಟಕ್ಕೇ ತಟ್ಟೆ ಸರಿಸಿ ಎದ್ದುಹೋದರು. ಆಮೇಲೆ ನೀವೇ ಹೇಳಿದಿರಿ. ಮಗ ತೊಟ್ಟಿಲಲ್ಲಿದ್ದಾಗ ಅವನನ್ನು ಅಜ್ಜಿಯ ಬಳಿ ಬಿಟ್ಟು ನೀವು ಜರ್ಮನಿಗೆ ನರ್ಸ್ ಆಗಿ ಹೋದದ್ದು. ರಜೆಗೆ ಬಂದಾಗ ಅವನು ನಿಮ್ಮನ್ನು ನೋಡಿ ಅಜ್ಜಿಯ ಸೆರಗಿನ ಹಿಂದೆ ಅಡಗಿದ್ದು. ಖಾಯಂ ಆಗಿ ಮರಳುವಷ್ಟರಲ್ಲಿ ಅವನಿಗೆ ಮೀಸೆ ಬಂದಿತ್ತಂತೆ. ‘ಆ ಭಾಷೆ ಈ ಮನೆಯೊಳಗೆ ಬೇಡ ಅಂತ ಅವನ ಹಟ’ ಎಂದು ಪಾತ್ರೆ ತೊಳೆಯಲು ಹೋದಿರಿ. ಮುಖ ತೋರಿಸಲಿಲ್ಲ.

ಮಳೆ ಬಿಟ್ಟು ಬಿಸಿಲು ಬಂದ ಆ ಭಾನುವಾರ ಕ್ಲಾಸಿಗೆ ಬೀಗ ಹಾಕಿತ್ತು. ಟೀಚರಿಗೆ ಸ್ಟ್ರೋಕ್ ಆಗಿದೆ, ಆಸ್ಪತ್ರೆಯಲ್ಲಿದ್ದಾರೆ ಎಂದು ಕೆಳಗಿನ ಅಂಗಡಿಯವರು ಹೇಳಿದರು. ಓಡಿ ಬಂದೆ. ನಿಮ್ಮ ಬಲಗೈ ಬಲಗಾಲು ಬಿದ್ದುಹೋಗಿದ್ದವು. ಮೂಗಿನ ನಳಿಕೆಯನ್ನು ಕಿತ್ತುಕೊಳ್ಳುತ್ತೀರೆಂದು ಎಡಗೈಯನ್ನು ಮಂಚದ ಸರಳಿಗೆ ಬಟ್ಟೆಯಿಂದ ಕಟ್ಟಿದ್ದರು. ಮಲಯಾಳಂ ಇಲ್ಲ, ಇಂಗ್ಲಿಷ್ ಇಲ್ಲ, ನಾನು ‘ಬಾಯಿ’ ಎಂದು ಕರೆದರೆ ಕನ್ನಡವೂ ಇಲ್ಲ. ಬಾಯಿಂದ ಬರುತ್ತಿದ್ದುದು ಎರಡೇ ತುಂಡು: “ವಾಡೆ… ವೇ…” ಬೆವರುತ್ತ ಅದನ್ನೇ ಹೇಳುತ್ತಿದ್ದಿರಿ. ಸ್ಟ್ರೋಕ್ ಆದವರು ಹೀಗೆ ಅರ್ಥವಿಲ್ಲದ ಮಾತಾಡುವುದುಂಟು, ನಿದ್ದೆಗೆ ಇಂಜೆಕ್ಷನ್ ಕೊಡೋಣ ಎಂದು ಡ್ಯೂಟಿ ಡಾಕ್ಟರ್ ಹೇಳಿ ಹೋಗಿದ್ದರು.

ಬಿಜು ಚೇಟ್ಟನ್‌ಗೆ ಮಾತ್ರ ಅದು ಅರ್ಥವಾಗಿತ್ತು, ಅಂದರೆ ಆಗಿದೆ ಎಂದು ಅವರು ತಿಳಿದಿದ್ದರು. ಅಮ್ಮಚ್ಚಿ ಮಲಯಾಳಂನಲ್ಲಿ ‘ವಡ ವೇಣಂ’ ಅನ್ನುತ್ತಿದ್ದಾರೆ, ವಡೆ ಬೇಕಂತೆ ಎಂದು ಕ್ಯಾಂಟೀನಿನಿಂದ ಪರಿಪ್ಪುವಡೆ ತಂದಿದ್ದರು. ಚಹಾದಲ್ಲಿ ನೆನೆಸಿ, ಬೆರಳಲ್ಲಿ ಹಿಸುಕಿ, ನಿಮ್ಮ ತುಟಿಯ ಹತ್ತಿರ ಹಿಡಿದಿದ್ದರು. ನುಂಗಲಾಗದವರ ಬಾಯಿಗೆ ಅದು ಹೋದರೆ ಉಸಿರಿನ ನಾಳಕ್ಕೇ… ನಾನು ಅವರ ಮಣಿಕಟ್ಟು ಹಿಡಿದೆ. ಅವರ ಕಣ್ಣು ಕೆಂಪಗಾಯಿತು. ಎಷ್ಟೋ ವರ್ಷದ ಮೇಲೆ ಅಮ್ಮ ನನ್ನ ಹತ್ತಿರ ಏನೋ ಕೇಳಿದ್ದಾಳೆ, ತಡೆಯಲು ನೀನು ಯಾರು ಎಂದರು. ನಾನು ಮಣಿಕಟ್ಟು ಬಿಡಲಿಲ್ಲ.

ನೀವು ನನ್ನನ್ನೇ ನೋಡುತ್ತಿದ್ದಿರಿ. ಪರೀಕ್ಷೆಯ ಕೋಣೆಯಲ್ಲೂ ನನಗೆ ಅಷ್ಟು ಭಯವಾಗಿರಲಿಲ್ಲ. ಜರ್ಮನ್‌ನಲ್ಲಿ ವೇ ಎಂದರೆ ನೋವು, ಅದು ಗೊತ್ತು. ವಾಡೆ? ಎಲ್ಲಿ ಕೇಳಿದ್ದೆ? ಕ್ಲಾಸಿನ ಮೆಟ್ಟಿಲು ಹತ್ತಿ ಬಂದು, ಕುರ್ಚಿಯಲ್ಲಿ ಕೂತು, ಸೀರೆ ಸ್ವಲ್ಪ ಎತ್ತಿ ಕಾಲು ಒತ್ತಿಕೊಳ್ಳುತ್ತ ನೀವು ಗೊಣಗುತ್ತಿದ್ದ ಮಾತು… ಮೀರ್ ಟೂಟ್ ಡೀ ವಾಡೆ ವೇ. ನಂಗೆ ಮೀನಖಂಡ ನೋಯ್ತದೆ. ಹೊದಿಕೆ ಎಳೆದೆ. ಬಲಗಾಲಿನ ಮೀನಖಂಡ ಊದಿ, ಚರ್ಮ ಬಿಗಿದು, ಮುಟ್ಟಿದರೆ ಬಿಸಿಯಾಗಿತ್ತು. ಬಿದ್ದ ಕಾಲಿಗೂ ನೋವು ತಿಳಿಯುತ್ತಿತ್ತು, ತೋರಿಸಲು ಕೈ ಮಾತ್ರ ಇರಲಿಲ್ಲ. ಡಾಕ್ಟರನ್ನು ಎಳೆದು ತಂದೆ. ಸ್ಕ್ಯಾನಿನಲ್ಲಿ ರಕ್ತ ಹೆಪ್ಪುಗಟ್ಟಿದ್ದು ಕಂಡಿತು. ಅದು ಅಲ್ಲಿಂದ ಕಿತ್ತು ಶ್ವಾಸಕೋಶಕ್ಕೆ ಏರಿದ್ದರೆ ಜೀವಕ್ಕೇ ಅಪಾಯವಿತ್ತು ಎಂದರು ಡಾಕ್ಟರ್. ಔಷಧಿ ಶುರು ಮಾಡಿದರು. ಬಿಜು ಚೇಟ್ಟನ್ ವಡೆಯ ಪೊಟ್ಟಣ ಹಿಡಿದು ಕಾರಿಡಾರಿನಲ್ಲಿ ಗೋಡೆಗೆ ಮುಖ ಮಾಡಿ ನಿಂತಿದ್ದರು.

ಆಮೇಲೆ ರಜೆ ಸಿಕ್ಕಾಗೆಲ್ಲ ಬಂದೆ. ನಿಮಗೆ ಮರಳಿದ್ದು ಜರ್ಮನ್ ಒಂದೇ, ಅದೂ ಚೂರುಚೂರಾಗಿ. ನೀರು ಬೇಕು, ಬೆಳಕು ಆರಿಸು, ಕೈ ಬಿಚ್ಚು. ನಾನು ಹೇಳಿದ್ದನ್ನು ಬಿಜು ಚೇಟ್ಟನ್ ಮಾಡುತ್ತಿದ್ದರು. ಒಂದು ಮಧ್ಯಾಹ್ನ ನೀವು ಅವರ ಕೈ ಹಿಡಿದು, ಅವರ ಮುಖ ನೋಡುತ್ತ, ಅಷ್ಟು ದಿನದಲ್ಲಿ ಮೊದಲ ಬಾರಿಗೆ ಉದ್ದದ ವಾಕ್ಯ ಎತ್ತಿದಿರಿ. “ಇಶ್ ವೈಸ್, ಡಾಸ್ ಇಶ್ ಡಿಶ್…” ನಿಲ್ಲಿಸಿದಿರಿ. ಮತ್ತೆ ಮೊದಲಿನಿಂದ ಎತ್ತಿದಿರಿ, ಮತ್ತೆ ಅಲ್ಲೇ ನಿಂತಿತು.

“ಏನಂದಳು? ಹೇಳು ಮೋಳೇ,” ಎಂದರು ಅವರು, ಮಗಳನ್ನು ಕರೆಯುವ ಹಾಗೆ.

“ನನಗೆ ಗೊತ್ತು, ನಾನು ನಿನ್ನನ್ನು…”

“ನನ್ನನ್ನು? ನನ್ನನ್ನು ಏನು?”

ಬಾಯಿ, ನೀವೇ ಕಲಿಸಿದ್ದು ತಾನೆ? ‘ಡಾಸ್’ ಬಂದರೆ ಕ್ರಿಯಾಪದ ಕೊನೆಗೆ ಹೋಗುತ್ತದೆ, ನಮ್ಮ ಕನ್ನಡದ ಹಾಗೆ, ಕೊನೆಯವರೆಗೆ ಕಾದರೆ ಮಾತ್ರ ಅರ್ಥ ಎಂದು. ಬಿಟ್ಟು ಹೋದೆ ಎನ್ನಲಿದ್ದಿರೋ, ನೋಯಿಸಿದೆ ಎನ್ನಲಿದ್ದಿರೋ, ಪ್ರೀತಿಸಿದೆ ಎನ್ನಲಿದ್ದಿರೋ. ನಾನೇ ಒಂದನ್ನು ಸೇರಿಸಿ ಹೇಳಿದ್ದರೆ ಅವರು ನಂಬುತ್ತಿದ್ದರು. ನಿಮ್ಮ ಕಣ್ಣು ನನ್ನನ್ನು ಬೇಡುತ್ತಿತ್ತೋ, ತಡೆಯುತ್ತಿತ್ತೋ, ಈಗಲೂ ಗೊತ್ತಿಲ್ಲ. “ಕ್ರಿಯಾಪದ ಬಂದಿಲ್ಲ ಚೇಟ್ಟಾ,” ಎಂದೆ. ಅವರು ನಿಮ್ಮ ಕೈ ಬಿಡದೆ ಕಾದು ಕೂತರು. ನರ್ಸ್ ಬಂದು ಭೇಟಿಯ ಹೊತ್ತು ಮುಗಿಯಿತೆಂದರೂ ಏಳಲಿಲ್ಲ. ಆ ವಾರವೇ ನಿಮಗೆ ಎರಡನೇ ಸ್ಟ್ರೋಕ್ ಆಯಿತು. ನಾನು ಉಳ್ಳೂರಿನಲ್ಲಿ ಡ್ಯೂಟಿಯಲ್ಲಿದ್ದೆ. ಅಂದು ನಾನು ಯಾವ ಕ್ರಿಯಾಪದವನ್ನೂ ಸೇರಿಸದಿದ್ದುದು ಸರಿಯೆ, ಬಾಯಿ?

ಪರೀಕ್ಷೆಯ ದಿನ ಬೆಳಿಗ್ಗೆ ಚರ್ಚಿನ ಅಂಗಳದಲ್ಲಿ ನಿಮ್ಮ ಸಮಾಧಿಯ ಮಣ್ಣು ಇನ್ನೂ ಹಸಿಯಾಗಿತ್ತು. ಅಲ್ಲಿಂದ ನೇರ ಹೋದೆ. ನಡುವೆ ಒಂದು ಉದ್ದದ ವಾಕ್ಯದಲ್ಲಿ ಸಿಕ್ಕಿಕೊಂಡೆ. ಪರೀಕ್ಷಕಿ ಪೆನ್ನು ಕೆಳಗಿಟ್ಟರು. ಹಿಂದಿನ ಎರಡು ಸಲ ಅಲ್ಲೇ ಅವಸರಪಟ್ಟು ಏನೋ ಒಂದು ಹೇಳಿ ಕೆಡಿಸಿಕೊಂಡಿದ್ದೆ. ಈ ಸಲ ಸುಮ್ಮನೆ ಕಾದೆ. ಕ್ರಿಯಾಪದ ಬಂತು. ಪಾಸಾಗಿದ್ದೇನೆ ಬಾಯಿ. ವೀಸಾ ಬಂದೊಡನೆ ಹೊರಡುತ್ತೇನೆ.

ಇದಕ್ಕಿಂತ ದೊಡ್ಡ ಸುದ್ದಿ ಇನ್ನೊಂದಿದೆ. ಪಾಲಾರಿವಟ್ಟಂನ ಕೋಣೆ ಖಾಲಿ ಮಾಡಲು ಬಿಜು ಚೇಟ್ಟನ್ ಬಂದಿದ್ದರು. ಆ ವಾಕ್ಯಕ್ಕೆ ಯಾವ ಯಾವ ಕ್ರಿಯಾಪದ ಕೂಡುತ್ತಿತ್ತು ಎಂದು ಕೇಳಿದರು. ನನಗೆ ಗೊತ್ತಿದ್ದಷ್ಟನ್ನೂ ಬೋರ್ಡಿನ ಮೇಲೆ ಬರೆದೆ. ಬಹಳ ಹೊತ್ತು ನಿಂತು ನೋಡಿದರು, ಯಾವುದನ್ನೂ ಆರಿಸಲಿಲ್ಲ. ಕೋಣೆಯನ್ನೂ ಖಾಲಿ ಮಾಡಲಿಲ್ಲ. ಈಗ ಭಾನುವಾರ ಹೊಸಬರ ಕ್ಲಾಸನ್ನು, ಹೊರಡುವವರೆಗೆ, ನಾನು ತೆಗೆದುಕೊಳ್ಳುತ್ತಿದ್ದೇನೆ. ನರ್ಸಿಂಗ್ ಹುಡುಗಿಯರ ನಡುವೆ ಒಬ್ಬರು ನರೆಗೂದಲಿನವರು, ಫ್ಯಾಕ್ಟರಿಯ ಶಿಫ್ಟ್ ಮುಗಿಸಿ ಅದೇ ಬಟ್ಟೆಯಲ್ಲಿ ಬಂದು ಕೂರುತ್ತಾರೆ. ಮನೆಯವರ ಬಗ್ಗೆ ಒಂದು ವಾಕ್ಯ ಹೇಳಿ ಎಂದಾಗ ಎದ್ದು ನಿಂತು, ಕೈಕಟ್ಟಿ, ಸ್ಪಷ್ಟವಾಗಿ ಹೇಳಿದರು: ‘ಮೈನೆ ಮುಟರ್ ಇಸ್ಟ್ ಲೇರೆರಿನ್.’ ನನ್ನ ತಾಯಿ ಟೀಚರ್ ಆಗಿದ್ದಾರೆ.

ಭೂತಕಾಲದ ಪಾಠ ಅವರಿಗೆ ಇನ್ನೂ ಆಗಿಲ್ಲ. ನಾನು ತಿದ್ದಲಿಲ್ಲ.

ನಿಮ್ಮ,
ರೇವತಿ